ಗೇಮಿಗೊಂದು ಸಂಪು

ನಮ್ಮ ಮನೆಯಲ್ಲಿ ಇಂಟರ್ನೆಟ್ ಮಂದವಾದರೆ ಮೊದಲು ಗೊತ್ತಾಗುವುದು ಅಮ್ಮನಿಗೆ. ಅವಳಿಗೆ ಎಂಬತ್ತೊಂದು. ರೌಟರ್ ಅಂದರೇನು ಎಂದು ಕೇಳಿದರೆ "ಆ ಹಸಿರು ದೀಪದ್ದಾ?" ಅನ್ನುತ್ತಾಳೆ. ಆದರೆ ಧಾರಾವಾಹಿಯ ಅತ್ತೆ ಸೊಸೆಯ ಕಡೆ ಬೆರಳೆತ್ತಿದವಳು ಎತ್ತಿದ ಹಾಗೇ ನಿಂತು, ನಡುವೆ ಬಿಳಿ ಚಕ್ರವೊಂದು ಸುತ್ತತೊಡಗಿತೋ, ಹಜಾರದಿಂದ ಕೂಗು ಬಂತೆಂದೇ ಲೆಕ್ಕ: "ಲೋ, ಹುಡುಗರು ಮತ್ತೆ ಇಳಿಸ್ತಿದಾರೆ ನೋಡೋ!"

ಇಳಿಸುವುದು ಅಂದರೆ ಡೌನ್‌ಲೋಡ್. ಅಮ್ಮ ಆ ಮಾತಾಡುವ ಧಾಟಿಯಲ್ಲಿ ಲಾರಿಯಿಂದ ಅಕ್ಕಿಮೂಟೆ ಇಳಿಸುವ ಸದ್ದಿರುತ್ತದೆ. ತಪ್ಪೇನಿಲ್ಲ, ಇವತ್ತಿನ ಗೇಮುಗಳು ಮೂಟೆಗಳೇ. 'ಬಾಲ್ಡರ್ಸ್ ಗೇಟ್ 3' ಎಂಬ ಆಟಕ್ಕೆ 150 ಜಿಬಿ ಜಾಗ ಬೇಕು. 'ರೆಡ್ ಡೆಡ್ ರಿಡೆಂಪ್ಷನ್ 2' ಎಂಬುದಕ್ಕೂ ಅಷ್ಟೇ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಜೇಬಿನಲ್ಲಿಟ್ಟುಕೊಂಡು ಮೆರೆಯುತ್ತಿದ್ದ ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 1.44 ಎಂಬಿ. ಈ ಗೇಮುಗಳಲ್ಲಿ ಒಂದನ್ನು ಅದರಲ್ಲಿ ತರಬೇಕಾಗಿದ್ದರೆ ಒಂದು ಲಕ್ಷ ನಾಲ್ಕು ಸಾವಿರ ಫ್ಲಾಪಿ ಹೊರಬೇಕಿತ್ತು. ಅಷ್ಟು ಹೊತ್ತ ಮೇಲೆ ಆಡುವ ಆಸೆ ಯಾರಿಗೂ ಉಳಿಯುತ್ತಿರಲಿಲ್ಲ, ದೇಶ ಉದ್ಧಾರವಾಗುತ್ತಿತ್ತು.

ಮನೆಯ ಸ್ಥಿತಿ ಹೀಗಿದೆ. ಕೆಳಗೆ ನಾವು, ಮೇಲೆ ತಮ್ಮನ ಸಂಸಾರ. ನನಗೊಬ್ಬ ಮಗ, ತಮ್ಮನಿಗಿಬ್ಬರು. ಮೂವರಿಗೂ ಒಂದೊಂದು ಗೇಮಿಂಗ್ ಕಂಪ್ಯೂಟರು. ಬಣ್ಣಬಣ್ಣದ ದೀಪ ಮಿನುಗುವ, ಗಣೇಶನ ಪೆಂಡಾಲಿನ ತಮ್ಮಂದಿರ ಹಾಗೆ ಕಾಣುವ ಡಬ್ಬಗಳು. ಎರಡೂ ಮನೆಗೆ ಸೇರಿ ಒಂದೇ ಬ್ರಾಡ್‌ಬ್ಯಾಂಡ್, 100 ಎಂಬಿಪಿಎಸ್. ಆ ಕೊಳವೆಯಲ್ಲಿ 150 ಜಿಬಿ ಬರಲು ಮೂರು ಗಂಟೆ ಇಪ್ಪತ್ತು ನಿಮಿಷ, ಅದೂ ಬೇರೆ ಯಾರೂ ಕೊಳಾಯಿ ತಿರುಗಿಸದಿದ್ದರೆ. ಮೂವರಿಗೂ ಒಂದೇ ಗೇಮು ಬೇಕು, ಒಟ್ಟಿಗೆ ಆಡಬೇಕಲ್ಲ. ಹಾಗಾಗಿ ಅದೇ 150 ಜಿಬಿ ಮೂರು ಸಲ ಬರುತ್ತದೆ. ಹತ್ತು ಗಂಟೆ. ಒಂದೇ ಮನೆಯ ಮೂವರು ಒಂದೇ ಮದುವೆಗೆ ಮೂರು ಟ್ಯಾಕ್ಸಿ ಮಾಡಿಕೊಂಡು ಹೋದ ಹಾಗೆ.

ತಮ್ಮನ ದೊಡ್ಡ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅಂದರೆ ಓದುತ್ತಿದ್ದಾನೆ ಎಂದು ನಾವು ನಂಬಿದ್ದೇವೆ. ಒಂದು ಶನಿವಾರ ಅಮ್ಮನ ಧಾರಾವಾಹಿ ಮೂರನೇ ಸಲ ನಿಂತಾಗ ಅವನೇ ಕೆಳಗಿಳಿದು ಬಂದು, "ದೊಡ್ಡಪ್ಪ, ಲ್ಯಾನ್‌ಕ್ಯಾಶ್ ಹಾಕಿಬಿಡೋಣ" ಅಂದ. "ಒಂದು ಹಳೇ ಕಂಪ್ಯೂಟರ್ ಸಾಕು. ನಿಮ್ಮ ಅಟ್ಟದಲ್ಲಿ ಹೇಗೂ ಇದೆಯಲ್ಲ."

ಆ ಕೊನೆಯ ವಾಕ್ಯ ಅವನು ಹೇಳಬಾರದಿತ್ತು ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಲ್ಯಾನ್‌ಕ್ಯಾಶ್ ಅಂದರೇನು ಎಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಸಂಪು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪೈಪಿನಲ್ಲಿ ಬೆಟ್ಟ ಹತ್ತಿ ಬರುತ್ತದೆ. ಒಂದು ಚೊಂಬು ನೀರು ಬೇಕಾದಾಗಲೆಲ್ಲ ನಾವು ತೊರೆಕಾಡನಹಳ್ಳಿಗೆ ಕೈ ಚಾಚುತ್ತೇವೆಯೇ? ಬಂದ ದಿನ ಸಂಪಿಗೆ ಬಿಟ್ಟುಕೊಂಡು, ಆಮೇಲೆ ಮೋಟಾರು ಹಾಕುತ್ತೇವೆ. ಇಲ್ಲೂ ಅಷ್ಟೇ. ಮೊದಲನೆಯ ಹುಡುಗ ಗೇಮು ಇಳಿಸುವಾಗ ಅದು ನಡುವಿನ ಡಬ್ಬವೊಂದರಲ್ಲಿ ತುಂಬಿಕೊಳ್ಳುತ್ತದೆ. ಎರಡನೆಯವನು ಕೇಳಿದರೆ ಹೊರಗಿನಿಂದ ತರಿಸುವ ಗೊಡವೆಯೇ ಇಲ್ಲದೆ ಅಲ್ಲಿಂದಲೇ ಕೊಡುತ್ತದೆ.

ಇದರ ಒಳಗುಟ್ಟು ಒಂದು ಸಣ್ಣ ಸುಳ್ಳು. ನಮ್ಮ ಕಂಪ್ಯೂಟರು ಸ್ಟೀಮ್ ಎಂಬ ಗೇಮಿನ ಅಂಗಡಿಯಿಂದ ಗೇಮು ಇಳಿಸುವ ಮುಂಚೆ ಡಿಎನ್ಎಸ್ ಎಂಬ ನೀರುಗಂಟಿಯನ್ನು "ಸ್ಟೀಮ್‌ನವರ ಗೋದಾಮು ಎಲ್ಲಯ್ಯಾ?" ಎಂದು ವಿಚಾರಿಸುತ್ತದೆ. ಲ್ಯಾನ್‌ಕ್ಯಾಶ್ ಹಾಕಿದ ಮನೆಯಲ್ಲಿ ನೀರುಗಂಟಿ ನಮ್ಮ ಕಡೆಯವನೇ. ಅವನು ಗೋದಾಮಿನ ವಿಳಾಸ ಕೊಡದೆ "ಇಲ್ಲೇ, ಮೆಟ್ಟಿಲ ಕೆಳಗೆ" ಅನ್ನುತ್ತಾನೆ. ಅಲ್ಲಿ ಎಂಜಿನ್‌ಎಕ್ಸ್ ಎಂಬ ಇನ್ನೊಬ್ಬ ಕೂತಿರುತ್ತಾನೆ. ಕೇಳಿದ ಸರಕು ಇದ್ದರೆ ಎತ್ತಿಕೊಡುತ್ತಾನೆ, ಇಲ್ಲದಿದ್ದರೆ ತಾನೇ ಹೋಗಿ ತಂದು, ಒಂದು ಪ್ರತಿ ಇಟ್ಟುಕೊಂಡು ಕೊಡುತ್ತಾನೆ. ಸ್ಟೀಮ್‌ನವರು ಈ ಸುಳ್ಳಿಗೆ ಮುನಿಸಿಕೊಳ್ಳುವುದೂ ಇಲ್ಲ. ಇಂಥ ಸಂಪು ಮನೆಯಲ್ಲಿದೆಯೇ ಎಂದು ಅವರ ಪ್ರೋಗ್ರಾಮೇ ಗೊತ್ತುಮಾಡಿದ ಒಂದು ಹೆಸರು ಹಿಡಿದು ವಿಚಾರಿಸಿಕೊಳ್ಳುತ್ತದೆ.

ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು. "ಹಾಗಾದ್ರೆ ನನ್ನ ಬ್ಯಾಂಕಿನ ಪಾಸ್‌ವರ್ಡೂ ಆ ಡಬ್ಬದಲ್ಲಿ ಹೋಗಿ ಕೂತ್ಕೊಳುತ್ತಾ?"

ಇಲ್ಲ. ಬ್ಯಾಂಕಿನದು ಬೀಗ ಹಾಕಿದ ಪೆಟ್ಟಿಗೆ, ಅಂದರೆ ಎಚ್‌ಟಿಟಿಪಿಎಸ್. ಅದು ಸಂಪಿನ ಕಡೆ ತಲೆಯೂ ಹಾಕದೆ ನೇರ ಹೋಗುತ್ತದೆ. ಗೇಮಿನ ಸರಕು ಬೀಗವಿಲ್ಲದ ಎಚ್‌ಟಿಟಿಪಿಯಲ್ಲಿ ಬರುವುದರಿಂದ ಮಾತ್ರ ಹಿಡಿದಿಡಲು ಸಾಧ್ಯ. ದಾರಿಯಲ್ಲಿ ಯಾರಾದರೂ ಹಾಲಿಗೆ ನೀರು ಬೆರೆಸಿದರೆ, ಇಳಿಸಿಕೊಂಡ ಕಂಪ್ಯೂಟರು ಪ್ರತಿ ಚೂರಿನ ಲೆಕ್ಕ ತಾಳೆ ನೋಡಿ ಕಂಡುಹಿಡಿಯುತ್ತದೆ. ಇಷ್ಟು ಹೇಳಿ ಮುಗಿಸಿ ನೋಡಿದೆ. ಅವಳು ಆಗಲೇ ಅಡುಗೆಮನೆಗೆ ಹೋಗಿದ್ದಳು.

ಈಗ ಅಟ್ಟದ ಸಮಾಚಾರ. ಈ ಮನೆಯಲ್ಲಿ ನನ್ನ ಹೆಸರಿಗಿರುವ ಜಾಗ ಅದೊಂದೇ. ಏಣಿ ಹಾಕಿ ಹತ್ತಿದರೆ ತಲೆ ಎತ್ತುವಂತಿಲ್ಲ, ಕೈ ಚಾಚಿದಲ್ಲೆಲ್ಲ ಒಂದು ಕಾಲ. ಹುಡುಗ ಕೆಳಗೆ ನಿಂತು ಹಿಡಿದುಕೊಂಡ, ನಾನು ಒಂದೊಂದಾಗಿ ಇಳಿಸಿದೆ. ಅಮ್ಮ ಹಜಾರದಿಂದ, "ಇವನೂ ಇಳಿಸೋಕೆ ಶುರು ಮಾಡಿದನಾ?" ಅಂದಳು.

ಮೊದಲು ಬಂದದ್ದು 2003ರ ಪೆಂಟಿಯಂ 4. ಕೊಂಡಾಗ ಕೆನೆ ಬಣ್ಣ, ಈಗ ಹೊಗೆಸೊಪ್ಪು ತಿನ್ನುವವರ ಹಲ್ಲಿನ ಬಣ್ಣ. ಎದೆಯ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮ, ವರ್ಷದ ಮೇಲೆ ವರ್ಷ ಹಚ್ಚಿದ್ದು ಗಟ್ಟಿಯಾಗಿ ಕೂತಿದೆ. ಮರದ ಕಾಂಡದಲ್ಲಿ ಉಂಗುರ ಎಣಿಸಿ ವಯಸ್ಸು ಹೇಳುತ್ತಾರಲ್ಲ, ಹಾಗೆ ಇಲ್ಲಿ ಕುಂಕುಮದ ಪದರ ಎಣಿಸಬಹುದು. ಪಕ್ಕದ ತಗಡು ಬಿಚ್ಚಿದರೆ ಒಳಗಿನ ಫ್ಯಾನಿಗೂ ಸಾಕಷ್ಟು ಪ್ರಸಾದ ತಲುಪಿತ್ತು. ಒಣಗಿದ ಒಂದು ಚೆಂಡುಹೂವಿನ ಎಸಳು ರ‍್ಯಾಮಿನ ಸಂದಿಯಲ್ಲಿ ನಿಂತಿತ್ತು. ಇದರಲ್ಲಿ ನಾನು ಬರೆದ ಮೊದಲ ಲೇಖನವಿದೆ, ಮಗನ ನಾಮಕರಣದ ಫೋಟೋಗಳಿವೆ. ಎಸೆಯುವುದು ಹೇಗೆ?

"ದೊಡ್ಡಪ್ಪ, ಇದು 32 ಬಿಟ್. ಡಾಕರ್ ಓಡಲ್ಲ" ಅಂದ ಹುಡುಗ. ಲ್ಯಾನ್‌ಕ್ಯಾಶ್ ಡಾಕರ್ ಎಂಬ ಪಾತ್ರೆಯಲ್ಲಿ ಬರುತ್ತದೆ, ಅದಕ್ಕೆ 64 ಬಿಟ್‌ನ ಒಲೆಯೇ ಬೇಕು. "ಪಾತ್ರೆ ಇಲ್ಲದೆ ಎಂಜಿನ್‌ಎಕ್ಸ್ ಒಂದನ್ನೇ ಹಾಕ್ಕೊಂಡ್ರಾಯ್ತು" ಎಂದು ನಾನು ಪಟ್ಟು ಬಿಡಲಿಲ್ಲ. ಹಳೆಯ ಗೆಳೆಯನ ಪರ ವಾದಿಸದವನು ಎಂಥ ಗೆಳೆಯ.

ಎರಡನೆಯದು 2008ರ ಕೋರ್ 2 ಡ್ಯುಯೊ. 64 ಬಿಟ್ ಸರಿ, ಗಿಗಾಬಿಟ್ ಪೋರ್ಟೂ ಸರಿ, ಆದರೆ ಮದರ್‌ಬೋರ್ಡಿನ ಮೇಲೆ ನಾಲ್ಕು ಕೆಪಾಸಿಟರ್‌ಗಳ ಹೊಟ್ಟೆ ಉಬ್ಬಿತ್ತು. ಒಂದರ ನೆತ್ತಿಯಿಂದ ಕಂದು ರಸ ಸೋರಿ ಒಣಗಿತ್ತು. ದಿನದ ಇಪ್ಪತ್ನಾಲ್ಕು ಗಂಟೆ ಓಡಬೇಕಾದ ಕೆಲಸಕ್ಕೆ ಹೊಟ್ಟೆ ಉಬ್ಬಿದವರನ್ನು ಇಡುವಂತಿಲ್ಲ. ಮೂರನೆಯದು ತೆರೆ ಒಡೆದ ಲ್ಯಾಪ್‌ಟಾಪು. ಇದರ ಬಗ್ಗೆ ನನಗೆ ದೊಡ್ಡ ಕನಸಿತ್ತು: ಸರ್ವರಿಗೆ ತೆರೆ ಬೇಡ, ಬ್ಯಾಟರಿ ಒಳಗೇ ಇರುವುದರಿಂದ ಕರೆಂಟು ಹೋದರೂ ಚಿಂತೆಯಿಲ್ಲ, ತಿನ್ನುವ ವಿದ್ಯುತ್ತೂ ಕಮ್ಮಿ. ತೆರೆದು ನೋಡಿದರೆ ಟಚ್‌ಪ್ಯಾಡು ಪೂರಿಯ ಹಾಗೆ ಎದ್ದು ಕೂತಿದೆ. ಕೆಳಗಿನ ಬ್ಯಾಟರಿ ಊದಿತ್ತು. ಲಿಥಿಯಂ ಬ್ಯಾಟರಿ ಊದಿದರೆ ತಮಾಷೆಯಲ್ಲ, ಚುಚ್ಚಿಕೊಂಡರೆ ಬೆಂಕಿ. ಎರಡು ವರ್ಷ ಅಟ್ಟದಲ್ಲಿದ್ದ ಅದರ ಕೆಳಗೇ ನಾವು ಮಲಗಿದ್ದೆವು ಎಂಬುದನ್ನು ಹೆಂಡತಿಗೆ ಹೇಳಲಿಲ್ಲ. ಮಾರನೆಯ ದಿನ ಬ್ಯಾಟರಿ ಬಿಚ್ಚಿಸಿ, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಟ್ಟುಬಂದೆ. ನನ್ನ ಅಟ್ಟದಿಂದ ನಿಜವಾಗಿ ಹೊರಗೆ ಹೋದ ಮೊದಲ ವಸ್ತು ಅದು.

ನಾಲ್ಕನೆಯದು ತಮ್ಮನ ಆಫೀಸಿನಲ್ಲಿ ಹಳತನ್ನೆಲ್ಲ ಹರಾಜು ಹಾಕಿದಾಗ ಅವನು ತಂದು, ತನ್ನ ಮನೆಯಲ್ಲಿ ಜಾಗವಿಲ್ಲವೆಂದು ನನ್ನ ಅಟ್ಟಕ್ಕೆ ಸೇರಿಸಿದ್ದ ಐ5-2400. ಕಪ್ಪು ಬಣ್ಣ, ಕುಂಕುಮವಿಲ್ಲ, ಕಥೆಯಿಲ್ಲ. ಸರ್ಕಾರಿ ಕಚೇರಿಯ ಬೀರುವಿನಂಥ ಮುಖ. ಎಂಟು ಜಿಬಿ ರ‍್ಯಾಮು, ಗಿಗಾಬಿಟ್ ಪೋರ್ಟು, ಒತ್ತಿದ ಕೂಡಲೇ ಹೊತ್ತಿಕೊಂಡಿತು. ನನಗೆ ಅದರ ಮೇಲೆ ಒಂಚೂರೂ ಪ್ರೀತಿ ಹುಟ್ಟಲಿಲ್ಲ.

ಪೆಂಟಿಯಮ್ಮಿಗೂ ಐ5ಗೂ ನಡುವಿನ ತೀರ್ಪು ಕೊಟ್ಟವಳು ಹೆಂಡತಿ, ಸಾಕ್ಷಿ ಬೆಸ್ಕಾಂ ಬಿಲ್ಲು. ತಮ್ಮನ ಹತ್ತಿರ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ವ್ಯಾಟು ಅಳೆಯುವ ಪುಟ್ಟ ಮೀಟರಿದೆ. ಪೆಂಟಿಯಂ ಸುಮ್ಮನೆ ಕೂತಾಗಲೂ 95 ವ್ಯಾಟು ತೋರಿಸಿತು. ಐ5 ಮೊದಲು 62 ತೋರಿಸಿತು. ಒಳಗಿದ್ದ ಗ್ರಾಫಿಕ್ಸ್ ಕಾರ್ಡನ್ನು ಕಿತ್ತ ಮೇಲೆ 45ಕ್ಕೆ ಇಳಿಯಿತು. ಹೆಂಡತಿ ಬಿಲ್ಲಿನ ಬೆನ್ನಿಗೆ ಪೆನ್ಸಿಲಿನಲ್ಲಿ ಗುಣಿಸಿದಳು. 95 ವ್ಯಾಟು ತಿಂಗಳಿಡೀ ಉರಿದರೆ 68 ಯೂನಿಟ್. 45 ವ್ಯಾಟಾದರೆ 32.

"ಅಷ್ಟೇ ತಾನೆ" ಅಂದೆ.

"ಅಷ್ಟೇ ತಾನೆ ಅಂತೆ. ನಮಗೀಗ ತಿಂಗಳಿಗೆ 150 ಆಗ್ತಿದೆ. ಗೃಹಜ್ಯೋತೀಲಿ ನಮಗೆ ಬಿಟ್ಟಿರೋದು 154. ನಿಮ್ಮ ಹಳೇ ಡಬ್ಬ ಹಾಕಿದ್ರೆ 218."

ಗೃಹಜ್ಯೋತಿಯ ಲೆಕ್ಕ ಕನ್ನಡ ನಾಡಿನ ಗೃಹಿಣಿಯರಿಗೆ ಬಂದಷ್ಟು ಚೆನ್ನಾಗಿ ಇಂಜಿನಿಯರುಗಳಿಗೆ ಬಂದಿಲ್ಲ. 2023ರಲ್ಲಿ ಉಚಿತ ವಿದ್ಯುತ್ತಿನ ಈ ಯೋಜನೆ ಬಂದಾಗ ಅದರ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ಮನೆಮನೆಗೂ ಒಂದು ಮಿತಿ ಹಾಕಿದರು. ಮಿತಿ ದಾಟಿಯೂ 200ರ ಒಳಗಿದ್ದರೆ ದಾಟಿದ್ದಕ್ಕಷ್ಟೇ ದುಡ್ಡು. 200 ದಾಟಿದಿರೋ, ಪೂರ್ತಿ ಬಿಲ್ಲು ನಿಮ್ಮದೇ. ಅಂದರೆ ಅಟ್ಟದಿಂದ ಪುಕ್ಕಟೆ ಸಿಕ್ಕ ನನ್ನ ಪೆಂಟಿಯಂ ತಿಂಗಳಿಗೆ ಸಾವಿರದ ಮುನ್ನೂರಕ್ಕೂ ಮೀರಿದ ಬಾಡಿಗೆ ಕೇಳುತ್ತಿತ್ತು. ಐ5 ಆದರೆ 182 ಯೂನಿಟ್. ಮಿತಿ ಮೀರಿದ 28 ಯೂನಿಟ್ಟಿಗೆ ಹೆಚ್ಚುಕಮ್ಮಿ ನೂರಾ ಎಪ್ಪತ್ತು ರೂಪಾಯಿ. ಕೈಯಗಲದ ಮಿನಿ ಪಿಸಿಯೊಂದನ್ನು ತಂದರೆ ಹನ್ನೆರಡು ವ್ಯಾಟಿನಲ್ಲಿ ಮುಗಿಯುತ್ತದೆ ಎಂದು ಹುಡುಗ ಆಸೆ ತೋರಿಸಿದ. ಆದರೆ ಹಳತೇ ಎಂಟು ಸಾವಿರ ರೂಪಾಯಿ. ಉಳಿಯುವುದು ತಿಂಗಳಿಗೆ ನೂರಾ ನಲವತ್ತು. ಹಾಕಿದ ದುಡ್ಡು ಹಿಂತಿರುಗುವ ಹೊತ್ತಿಗೆ ಅವನು ಕೆಲಸಕ್ಕೆ ಸೇರಿ, ಮದುವೆಯಾಗಿ, ಗೇಮು ಬಿಟ್ಟಿರುತ್ತಾನೆ.

ತಮ್ಮ ಇಷ್ಟು ಹೊತ್ತೂ ಮಾತಾಡದೆ ಕೂತಿದ್ದವನು, "ಹೇಗೂ ಅಣ್ಣನ ಮೀಟರಿಗೇ ಹಾಕ್ತೀರಲ್ಲ?" ಎಂದು ಖಚಿತಪಡಿಸಿಕೊಂಡು ಎದ್ದ.

ಪೆಂಟಿಯಂ ಮತ್ತೆ ಅಟ್ಟ ಹತ್ತಿತು. ಗುಜರಿಗೆ ಹಾಕಿ ಎಂದು ಹೆಂಡತಿ ಹೇಳಿದಳು. ನನಗೆ ಕೇಳಿಸಲಿಲ್ಲ.

ಈ ಕೆಲಸಕ್ಕೆ ಡಬ್ಬದ ಬುದ್ಧಿಶಕ್ತಿ ಮುಖ್ಯವಲ್ಲ ಎಂಬುದು ನಿಧಾನವಾಗಿ ಅರ್ಥವಾಯಿತು. ಸಂಪು ನೀರನ್ನು ಕುರಿತು ಯೋಚನೆ ಮಾಡುವುದಿಲ್ಲ. ಪ್ರೊಸೆಸರು ಯಾವುದಾದರೂ ನಡೆಯುತ್ತದೆ, ರ‍್ಯಾಮು ಎಂಟು ಜಿಬಿ ಧಾರಾಳ. ಆಟ ನಡೆಸುವ ಸರ್ವರಿಗೆ ಆಟದ ಗ್ರಾಫಿಕ್ಸ್ ಕಾರ್ಡು ಬೇಕೇಬೇಕೆಂದು ನನ್ನ ಮಗ ಒಂದು ದಿನವಿಡೀ ವಾದಿಸಿದ. ಗೋದಾಮಿನ ಕಾವಲುಗಾರನಿಗೆ ಭರತನಾಟ್ಯ ಬರಬೇಕು ಎಂದ ಹಾಗಿತ್ತು. ನೋಡಬೇಕಾದದ್ದು ಎರಡೇ: ನೀರು ನಿಲ್ಲುವ ಡಿಸ್ಕು, ನೀರು ಹರಿಯುವ ತಂತಿ. ಎರಡರಲ್ಲೂ ನಾನು ಮೋಸ ಹೋದೆ.

ಡಿಸ್ಕಿಗಾಗಿ ಎಸ್.ಪಿ. ರಸ್ತೆಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಅಲ್ಲಿಗೆ ದಿನಾ ಹೋಗುವವರಿಗೂ ನೆನಪಿರುವುದಿಲ್ಲ. ಮೆಟ್ಟಿಲಷ್ಟೇ ಅಗಲದ ಅಂಗಡಿ, ಒಳಗೆ ಹಾರ್ಡ್‌ಡಿಸ್ಕುಗಳನ್ನು ಸೋಪಿನ ಹಾಗೆ ಪೇರಿಸಿದ್ದರು.

"4 ಟಿಬಿ ಸರ್, ಸಿಸಿಟಿವಿದು, ಕಂಡೀಷನ್ ಸೂಪರ್."

"ಎಷ್ಟು ಗಂಟೆ ಓಡಿದೆ?"

"ಓಡೇ ಇಲ್ಲ ಸರ್, ಸುಮ್ನೆ ಇತ್ತು."

ಕೌಂಟರಿನ ಮೇಲಿದ್ದ ಕಂಪ್ಯೂಟರಿಗೆ ಹಾಕಿಸಿ ನೋಡಿದೆ. ಹಾರ್ಡ್‌ಡಿಸ್ಕು ತಾನು ಎಷ್ಟು ಗಂಟೆ ಎಚ್ಚರವಾಗಿತ್ತು ಎಂಬುದನ್ನು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. 41,000 ಗಂಟೆ ಎಂದು ತೋರಿಸಿತು. ವರ್ಷಕ್ಕೆ 8,760 ಗಂಟೆ. ನಾಲ್ಕೂ ಮುಕ್ಕಾಲು ವರ್ಷ ಹತ್ತಿರ ಹತ್ತಿರ, ಹಗಲೂ ರಾತ್ರಿ, ಯಾರದೋ ಗೇಟನ್ನು ಕಣ್ಣು ಮಿಟುಕಿಸದೆ ನೋಡಿದ ಜೀವ ಅದು.

"ಸುಮ್ನೆ ಇತ್ತು ಅಂದ್ರಿ?"

"ಹೌದು ಸರ್, ಸುಮ್ನೆ ಗೇಟ್ ನೋಡ್ತಿತ್ತು. ಗೇಟಲ್ಲಿ ಏನ್ ನಡೆಯುತ್ತೆ?"

ಈ ಉತ್ತರಕ್ಕೆ ಮನಸೋತೆ. ಕೆಟ್ಟುಹೋದ ಸೆಕ್ಟರುಗಳ ಲೆಕ್ಕ ಸೊನ್ನೆ ಇತ್ತು, ಅದೊಂದು ಸಮಾಧಾನ. ಬೇರೆ ಕೆಲಸಕ್ಕಾಗಿದ್ದರೆ ಇಂಥ ಡಿಸ್ಕನ್ನು ಮುಟ್ಟಬಾರದು. ಮಕ್ಕಳ ಫೋಟೋ, ಮನೆ ಪತ್ರ ಇಡುವ ಜಾಗ ಅಲ್ಲ. ಆದರೆ ಸಂಪಿನ ಡಿಸ್ಕು ಸತ್ತರೆ ಕಳೆದುಕೊಳ್ಳುವುದೇನೂ ಇಲ್ಲ, ಎಲ್ಲವೂ ಮತ್ತೆ ಇಳಿಸಿಕೊಳ್ಳಬಹುದಾದ ಸರಕು. ಮನೆಯಲ್ಲಿ ಸೂತಕವಿಲ್ಲದೆ ಸಾಯುವ ಹಕ್ಕಿರುವುದು ಇದೊಂದಕ್ಕೇ. ಅವನು ಹೇಳಿದ ನಾಲ್ಕೂವರೆ ಸಾವಿರವನ್ನು ಮೂರು ಸಾವಿರದ ಇನ್ನೂರಕ್ಕೆ ಇಳಿಸಿ, ಒಂದು ವಾರದ ಟೆಸ್ಟಿಂಗ್ ವಾರಂಟಿ ಎಂಬ ಬಾಯಿಮಾತನ್ನು ಜೇಬಿಗೆ ಹಾಕಿಕೊಂಡು ಬಂದೆ. ಮನೆಗೆ ಬಂದಾಗ ಹುಡುಗ ಕೇಳಿದ: "4 ಟಿಬಿ ಯಾಕೆ ದೊಡ್ಡಪ್ಪ? ನಾವು ಆಡೋದು ಐದಾರು ಗೇಮು."

ಸರಿಯಾದ ಮಾತು. ಆರು ಗೇಮಿಗೆ 900 ಜಿಬಿ, 1 ಟಿಬಿ ಸಾಕಿತ್ತು. ತುಂಬಿಹೋದರೂ ಬಹಳ ದಿನದಿಂದ ಯಾರೂ ಕೇಳದ ಸರಕನ್ನು ಎಂಜಿನ್‌ಎಕ್ಸ್ ತಾನೇ ಹೊರಗೆ ಹಾಕುತ್ತದೆ. ಆ ಗುಣ ನನಗಿದ್ದಿದ್ದರೆ ಅಟ್ಟ ಖಾಲಿ ಇರುತ್ತಿತ್ತು.

ಐ5 ಡಬ್ಬವನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಇನ್ವರ್ಟರ್ ಬ್ಯಾಟರಿಯ ಪಕ್ಕ ಕೂರಿಸಿದೆವು. ಲಿನಕ್ಸ್ ಹಾಕುವುದು, ಡಾಕರ್ ಹಾಕುವುದು, ಅದಕ್ಕೊಂದು ಖಾಯಂ ವಿಳಾಸ ಕೊಡುವುದು, ಎಲ್ಲ ಒಂದು ಸಂಜೆಯ ಕೆಲಸ. ಅದನ್ನು ಹುಡುಗ ಮಾಡಿದ, ನಾನು ಟಾರ್ಚು ಹಿಡಿದೆ. ಆಮೇಲೆ ಮನೆಯವರನ್ನೆಲ್ಲ ಕರೆದು ಪ್ರದರ್ಶನ. ನನ್ನ ಮಗ ಮೊದಲು ಇಳಿಸಲು ಶುರುಮಾಡಿದ. ಸೆಕೆಂಡಿಗೆ 11 ಎಂಬಿ. ಎಂದಿನಂತೆ.

"ಏನೂ ವ್ಯತ್ಯಾಸ ಇಲ್ವಲ್ರೀ" ಅಂದಳು ಹೆಂಡತಿ.

ಸಂಪು ಕಟ್ಟಿದ ದಿನವೇ ಸಂಪಿನಲ್ಲಿ ನೀರಿರುತ್ತದೆಯೇ? ಮೊದಲ ಸಲ ನಿಧಾನವೇ, ಎರಡನೆಯ ಸಲ ನೋಡು ಎಂದೆ. ಮೂರೂ ಮುಕ್ಕಾಲು ಗಂಟೆಯ ನಂತರ ಪ್ರೇಕ್ಷಕರು ಊಟ ಮುಗಿಸಿ ಮರಳಿದರು. ಈಗ ಮೇಲಿನ ಮನೆಯ ಚಿಕ್ಕವನು ಅದೇ ಗೇಮು ಒತ್ತಿದ. ಸೆಕೆಂಡಿಗೆ 11 ಎಂಬಿ.

ಆ ಮೌನವನ್ನು ನಾನು ವರ್ಣಿಸುವುದಿಲ್ಲ.

ಡಬ್ಬ ನೋಡಿದರೆ ಸರಿಯಾಗಿದೆ, ಸರಕೆಲ್ಲ ಸಂಪಿನಿಂದಲೇ ಹೋಗುತ್ತಿದೆ, ಬ್ರಾಡ್‌ಬ್ಯಾಂಡ್ ಮಲಗಿದೆ. ಆದರೂ 11. ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ 110 ಎಂಬಿಯಾದರೂ ಬರಬೇಕು. ಹುಡುಗ ಮೇಲೆ ಹೋಗುವ ತಂತಿಯ ತುದಿಯನ್ನು ಕಿತ್ತು ಬೆಳಕಿಗೆ ಹಿಡಿದ. ಆ ಪಾರದರ್ಶಕ ಪ್ಲಗ್ಗಿನೊಳಗೆ ಎಂಟು ತಾಮ್ರದ ಹಲ್ಲುಗಳಿರುತ್ತವೆ, ಎಂಟು ಬಣ್ಣದ ತಂತಿ ಒಂದೊಂದಕ್ಕೂ ಕಚ್ಚಿಕೊಂಡಿರಬೇಕು. ನಮ್ಮದರಲ್ಲಿ ಕಿತ್ತಳೆ ಜೋಡಿ ಇದೆ, ಹಸಿರು ಜೋಡಿ ಇದೆ. ನೀಲಿ ಮತ್ತು ಕಂದು ಜೋಡಿಗಳನ್ನು ಹಿಂದಕ್ಕೆ ಮಡಚಿ, ಜಡೆಯ ಹಾಗೆ ಸುತ್ತಿ, ಕತ್ತರಿಸಿ ಬಿಟ್ಟಿದ್ದಾರೆ. ವರ್ಷಗಳ ಹಿಂದೆ ತಂತಿ ಎಳೆದ ಹುಡುಗನಿಗೆ ಅವತ್ತು ಬೇರೆ ಮನೆಯ ಅವಸರವಿತ್ತೋ ಏನೋ. ನಾಲ್ಕು ತಂತಿಯಲ್ಲಿ 100 ಎಂಬಿಪಿಎಸ್ ಓಡುತ್ತದೆ, ಇಂಟರ್ನೆಟ್ಟೂ ಅಷ್ಟೇ ಇದ್ದುದರಿಂದ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಗಿಗಾಬಿಟ್ಟಿಗೆ ಎಂಟೂ ಬೇಕು. ನಾವು ಸಂಪು ಕಟ್ಟಿ, ಮೋಟಾರು ಕೂರಿಸಿ, ಮೇಲಿನ ಟ್ಯಾಂಕಿಗೆ ಎಳನೀರಿನ ಸ್ಟ್ರಾ ಹಾಕಿದ್ದೆವು.

ಎಂಟು ರೂಪಾಯಿಯ ಎರಡು ಪ್ಲಗ್ಗು, ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ನಿನಿಂದ ಎರವಲು ತಂದ ಕ್ರಿಂಪಿಂಗ್ ಇಕ್ಕಳ, ಅರ್ಧ ಗಂಟೆ. ಎಂಟು ತಂತಿಯನ್ನು ಸರಿಯಾದ ಸಾಲಿನಲ್ಲಿ ಉಗುರಿನಿಂದ ನೇವರಿಸಿ ನೆಟ್ಟಗೆ ಮಾಡಿ ಒಟ್ಟಿಗೆ ತೂರಿಸುವುದಿದೆಯಲ್ಲ, ದಾರ ಪೋಣಿಸುವ ಅಮ್ಮನ ಕಣ್ಣು ಬೇಕು. ಮೂರನೆಯ ಪ್ರಯತ್ನಕ್ಕೆ ಕೂತಿತು. ಈ ಸಲ ಚಿಕ್ಕವನ ತೆರೆಯ ಮೇಲೆ 108 ಎಂದು ಬಂದಾಗ ಅವನು ಕುರ್ಚಿಯಿಂದ ಹಾರಿದ. 150 ಜಿಬಿ ಇಪ್ಪತ್ಮೂರು ನಿಮಿಷ. ಕೆಳಗೆ ಅಮ್ಮನ ಧಾರಾವಾಹಿಯಲ್ಲಿ ಅತ್ತೆ ಎತ್ತಿದ ಬೆರಳನ್ನು ಸಲೀಸಾಗಿ ಕೆಳಗಿಳಿಸಿದಳು.

ಸಂತೋಷ ಭಾನುವಾರದವರೆಗೆ ಬಾಳಿತು. ಅವತ್ತು ಮೂವರೂ ಒಟ್ಟಿಗೆ ಸಂಪಿನಲ್ಲಿದ್ದ ಬೇರೆ ಬೇರೆ ಗೇಮು ಕೇಳಿದರು. ಕಾವಲುಗಾರ ಡಿಸ್ಕು ಕರಕರ ಎನ್ನತೊಡಗಿತು, ವೇಗ ಮೂವರಿಗೂ ಸೇರಿ ನಲವತ್ತಕ್ಕೆ ಕುಸಿಯಿತು. ಲ್ಯಾನ್‌ಕ್ಯಾಶ್ ಸರಕನ್ನು 1 ಎಂಬಿಯ ಚೂರುಗಳಾಗಿ ಇಡುತ್ತದೆ, ಒಂದು ಟಿಬಿ ಅಂದರೆ ಹತ್ತು ಲಕ್ಷ ಚೂರು. ತಿರುಗುವ ಡಿಸ್ಕಿನ ಒಂದೇ ಮುಳ್ಳು ಮೂವರ ಚೂರಿಗೂ ಅಲ್ಲಿಂದಿಲ್ಲಿಗೆ ಹಾರಬೇಕು. ಮದುವೆ ಮನೆಯಲ್ಲಿ ಮೂರು ಪಂಕ್ತಿಗೆ ಒಬ್ಬನೇ ಬಡಿಸುವವನು, ಒಂದು ಕಡೆ ಸಾರು, ಒಂದು ಕಡೆ ಪಾಯಸ. ಐದು ವರ್ಷ ಒಂದೇ ಗೇಟನ್ನು ನೆಟ್ಟ ನೋಟದಿಂದ ನೋಡಿದ ಪ್ರಾಣಿಗೆ ಈ ಕುಣಿತ ಹೇಗೆ ಒಗ್ಗಬೇಕು. ಕೊನೆಗೆ ಹುಡುಗ ತನ್ನ ಕಂಪ್ಯೂಟರಿನಿಂದ ಬಿಚ್ಚಿಟ್ಟಿದ್ದ ಹಳೆಯ 1 ಟಿಬಿಯ ಎಸ್‌ಎಸ್‌ಡಿ ತಂದು ಹಾಕಿದ. ಮುಳ್ಳಿಲ್ಲ, ತಿರುಗುವುದಿಲ್ಲ, ಸದ್ದಿಲ್ಲ; ತಂತಿ ಹಿಡಿಯುವಷ್ಟನ್ನೂ ಕೊಟ್ಟಿತು. "ಇದು ನಿನ್ನ ಹತ್ರ ಮೊದಲಿಂದ್ಲೂ ಇತ್ತಾ?" ಎಂದು ಕೇಳಿದೆ. "ನೀವು ಎಸ್.ಪಿ. ರೋಡಿಗೆ ಹೋಗ್ತೀನಿ ಅಂತ ಖುಷಿಯಾಗಿದ್ರಿ ದೊಡ್ಡಪ್ಪ, ಯಾಕೆ ಹೇಳೋದು ಅಂತ ಸುಮ್ನಾದೆ" ಅಂದ. 4 ಟಿಬಿಯ ಡಿಸ್ಕನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಅಟ್ಟದಲ್ಲಿಟ್ಟೆ.

ಇನ್ನೊಂದು ಅವಾಂತರ ಹೇಳದಿದ್ದರೆ ಅಮ್ಮ ಬಿಡುವುದಿಲ್ಲ. ಒಂದು ಸಂಜೆ ಕರೆಂಟು ಹೋಯಿತು. ರೌಟರು ಟಿವಿ ಎರಡೂ ಇನ್ವರ್ಟರಿನ ಮೇಲಿದ್ದವು, ಸರ್ವರ್ ಇರಲಿಲ್ಲ. ಹಸಿರು ದೀಪ ಉರಿಯುತ್ತಿದೆ, ಇಂಟರ್ನೆಟ್ ಇಲ್ಲ. ಯಾಕೆಂದರೆ ವಿಳಾಸ ಹೇಳುವ ನೀರುಗಂಟಿಯೇ ಸರ್ವರಿನೊಳಗೆ ಕೂತಿದ್ದಾನೆ, ಅವನಿಲ್ಲದೆ ಮನೆಯ ಯಾವ ಯಂತ್ರಕ್ಕೂ ಯಾವ ದಾರಿಯೂ ಗೊತ್ತಿಲ್ಲ. ಹತ್ತು ನಿಮಿಷದಲ್ಲಿ ಕರೆಂಟು ಬಂತು, ಸರ್ವರಿನ ಫ್ಯಾನು ತಿರುಗಿತು, ಇಂಟರ್ನೆಟ್ ಮಾತ್ರ ಬರಲಿಲ್ಲ. ಗೂಡಿಗೆ ಮಾನಿಟರು ಹೊತ್ತುಕೊಂಡು ಹೋಗಿ ಸಿಕ್ಕಿಸಿದರೆ, ಡಬ್ಬ ತಾನು ಹುಟ್ಟಿದ ವರ್ಷದ ಜನವರಿ 1 ಎಂದು ತಾರೀಖು ತೋರಿಸಿ, ಕೀಬೋರ್ಡು ಕಾಣುತ್ತಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂದು ಕೇಳುತ್ತ ನಿಂತಿದೆ. ಇಲ್ಲದ ಕೀಬೋರ್ಡಿನಲ್ಲಿ ಎಫ್1 ಒತ್ತುವುದು ಹೇಗೆಂದು ಕೇಳಿದರೆ ಅದಕ್ಕೆ ಬೇಸರವಿಲ್ಲ, ನಾಳೆಯವರೆಗೂ ಕಾಯುತ್ತದೆ. ಮದರ್‌ಬೋರ್ಡಿನ ಮೇಲೆ ಗಡಿಯಾರ ಕಾಯುವ ಗುಂಡಿ ಸೆಲ್ಲು ಸತ್ತಿತ್ತು. ಸಿಆರ್2032, ಮೂವತ್ತು ರೂಪಾಯಿ. ಹಳೇ ಡಬ್ಬ ಇಳಿಸಿದವರು ಬೇರೆಲ್ಲ ಬಿಟ್ಟು ಮೊದಲು ಇದನ್ನು ಬದಲಿಸಬೇಕು, ಕರೆಂಟು ಬಂದೊಡನೆ ತಾನೇ ಏಳುವಂತೆ ಬಯಾಸಿನಲ್ಲಿ ಗುರುತು ಹಾಕಬೇಕು.

ಅಷ್ಟು ಹೊತ್ತಿಗೆ ಅಮ್ಮನ ಧಾರಾವಾಹಿಯಲ್ಲಿ ಒಂದು ಸೀಮಂತವೇ ಮುಗಿದುಹೋಗಿತ್ತು. ಅವಳು ನನ್ನನ್ನು ಬೈಯಲಿಲ್ಲ. "ನಿಮ್ಮಪ್ಪಾನೂ ಹೀಗೇ. ಒಳ್ಳೇ ರೇಡಿಯೋ ಬಿಚ್ಚಿ ಸರಿ ಮಾಡೋರು" ಅಂದಳು. ಬೈದಿದ್ದರೇ ವಾಸಿಯಿತ್ತು. ಮಾರನೆಯ ದಿನ ರೌಟರನ್ನು ಮೊದಲಿದ್ದ ಹಾಗೇ ಮಾಡಿ, ಮೂವರು ಹುಡುಗರ ಕಂಪ್ಯೂಟರುಗಳಿಗೆ ಮಾತ್ರ ನಮ್ಮ ನೀರುಗಂಟಿಯ ವಿಳಾಸ ಕೈಯಾರೆ ತುಂಬಿಸಿದೆ. ಅಮ್ಮನ ಟಿವಿಗೂ ನನ್ನ ಸರ್ವರಿಗೂ ಅಂದಿನಿಂದ ಮಾತುಕತೆ ಇಲ್ಲ.

ಇಷ್ಟೆಲ್ಲ ಆಗಿ, ಎರಡು ತಿಂಗಳು ಎಲ್ಲ ಸುಸೂತ್ರವಾಗಿ ನಡೆದ ಮೇಲೆ, ಒಂದು ದಿನ ಚಿಕ್ಕವನು ಇಡ್ಲಿ ತಿನ್ನುತ್ತ, "ದೊಡ್ಡಪ್ಪ, ಸ್ಟೀಮ್‌ನಲ್ಲೇ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ನೇರ ಕಾಪಿ ಆಗುತ್ತಂತೆ, ಸರ್ವರೇ ಬೇಡವಂತೆ, 2023ರಿಂದ್ಲೇ ಇದೆಯಂತೆ" ಅಂದ.

ನಿಜ. ಒಂದೇ ನೆಟ್‌ವರ್ಕಿನಲ್ಲಿ ಒಬ್ಬನ ಬಳಿ ಗೇಮಿದ್ದರೆ ಇನ್ನೊಬ್ಬ ಅವನಿಂದಲೇ ಎಳೆದುಕೊಳ್ಳಬಹುದು. ನನ್ನ ಕಾಲದ ಸೈಬರ್ ಕೆಫೆಯ ಮಾಲೀಕ ಇದನ್ನೇ ಮಾಡುತ್ತಿದ್ದ. ಒಂದರಲ್ಲಿ ಕೌಂಟರ್-ಸ್ಟ್ರೈಕ್ ಹಾಕಿ ಉಳಿದ ಹತ್ತಕ್ಕೆ ಫೋಲ್ಡರನ್ನು ಕಾಪಿ ಹೊಡೆದು ಬೀಡಿ ಸೇದಲು ಹೊರಗೆ ಹೋಗುತ್ತಿದ್ದ. ನಾನು ವಾದ ಹೂಡಿದೆ. ಆ ಉಪಾಯಕ್ಕೆ ಕೊಡುವವನ ಕಂಪ್ಯೂಟರು ಆಗ ಹೊತ್ತಿರಬೇಕು. ಅದು ಸ್ಟೀಮಿಗೆ ಮಾತ್ರ. ನಮ್ಮ ಸಂಪು ಬೇರೆ ಅಂಗಡಿಗಳ ಗೇಮನ್ನೂ ಹಿಡಿಯುತ್ತದೆ, ವಿಂಡೋಸ್ ಅಪ್‌ಡೇಟನ್ನೂ ಹಿಡಿಯುತ್ತದೆ. ಎಲ್ಲ ಸರಿಯಾದ ವಾದಗಳೇ. ಹುಡುಗರು ತಲೆಯಾಡಿಸಿ, ಪರೀಕ್ಷೆ ಹತ್ತಿರ ಬಂತೆಂದು ಗೇಮು ನಿಲ್ಲಿಸಿ, ಮೊಬೈಲಿನಲ್ಲಿ ಕ್ರಿಕೆಟ್ ನೋಡತೊಡಗಿದರು. ಸಂಪಿನಲ್ಲಿ ಸದ್ಯ 800 ಜಿಬಿ ನಿಂತ ನೀರು.

ಹೆಂಡತಿ ಎದುರಿಗೆ ಬಂದು ನಿಲ್ಲುವ ಮೊದಲೇ ನಾನೇ ಹೋಗಿ ಹೇಳಿದೆ. "ಹುಡುಗರ ಪರೀಕ್ಷೆ ಮುಗಿಯೋವರೆಗೂ ಆಫ್ ಮಾಡಿಬಿಡ್ಲಾ? ಬಿಲ್ಲಾದ್ರೂ ಉಳಿಯುತ್ತೆ."

"ಅಯ್ಯೋ, ಬೇಡ ರೀ" ಅಂದಳು.

ಗೂಡಿನ ಬಾಗಿಲು ತೆಗೆದು ನೋಡಿದೆ. ಮಾಗಿಯ ಚಳಿ. ಡಬ್ಬದ ಹಿಂದೆ, ಬಿಸಿಗಾಳಿ ಬರುವ ಕಡೆ, ಮಣೆಯ ಮೇಲೆ ಇಡ್ಲಿ ಹಿಟ್ಟಿನ ದೊಡ್ಡ ಸ್ಟೀಲ್ ಪಾತ್ರೆ, ಮೇಲೊಂದು ತಟ್ಟೆ. ಚಳಿಗಾಲದಲ್ಲಿ ಹುದುಗು ಬರುವುದಿಲ್ಲವೆಂದು ಪ್ರತಿ ವರ್ಷ ಕಂಬಳಿ ಸುತ್ತುತ್ತಿದ್ದಳು. ಈ ಸಲದ ಇಡ್ಲಿ ಯಾಕೆ ಹೂವಿನಂತಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ತಟ್ಟೆ ಆಗಲೇ ಒಂದು ಬೆರಳು ಮೇಲೆದ್ದಿತ್ತು. ಉಕ್ಕಿ ಪವರ್ ಸಪ್ಲೈನೊಳಗೆ ಇಳಿದರೆ ಏನು ಗತಿ ಎಂದು ಪಾತ್ರೆಯನ್ನು ಒಂದು ಗೇಣು ದೂರ ಸರಿಸಿದೆ. ಅವಳು ಬಂದು ಅರ್ಧ ಗೇಣು ಹತ್ತಿರ ತಳ್ಳಿದಳು.